ಕಿಟಕಿಗೆ ನೆರಳು ಬೇಕೋ, ನಮಗೆ ಕೆಲಸ ಬೇಕೋ?



ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಇರೋದು ಮೂರೇ ಹಳೇ ಕಂಪ್ಯೂಟರ್. ಒಂದೊಂದರ ಮುಂದೆ ಐದಾರು ಜನ. ಹೋದ ತಿಂಗಳು ನಮ್ಮಲ್ಲೇ ಕೆಲವರು ಅದರ ಕಿಟಕಿಗಳಿಗೆ ನೆರಳು, ಗಾಜಿನಂಥ ಮಸುಕು ಎಲ್ಲಾ ಹಾಕಿದ್ರು. ನೋಡೋಕೆ ಚೆಂದ. ಆದರೆ ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡ್ತಿತ್ತು. ನನ್ನ ಸರದಿ ಬರೋಷ್ಟರಲ್ಲಿ ಗಂಟೆ ಹೊಡೆದೇಬಿಟ್ರು!

ಹೀಗೇಕೆ? ನಮ್ಮ ಗೋಡೆ ಪತ್ರಿಕೆಯನ್ನೇ ನೋಡಿ. ನಾವು ಬೇರೆ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇವೆ. ಸಂಪಾದಕರು ಎಲ್ಲವನ್ನೂ ಒಂದು ಡ್ರಾಯಿಂಗ್ ಶೀಟಿಗೆ ಅಂಟಿಸುತ್ತಾರೆ. ಕಂಪ್ಯೂಟರಿನಲ್ಲಿ ಹೀಗೆ ಅಂಟಿಸುವವನೇ ಕಂಪೋಸಿಟರ್. ಲಿನಕ್ಸ್‌ನಲ್ಲಿ ಬಳಸುವ ಎಕ್ಸ್ ವ್ಯವಸ್ಥೆಗೆ ಈ ಸೌಲಭ್ಯ ಬಂದದ್ದು 2004ರಲ್ಲಿ. 2006ರಲ್ಲಿ ಬಂದ ಕಾಂಪಿಜ್‌ನಲ್ಲಂತೂ ಇಡೀ ಪರದೆ ಪೆಟ್ಟಿಗೆಯಂತೆ ತಿರುಗುತ್ತಿತ್ತು! ಓಪನ್‌ಬಾಕ್ಸ್‌ನಂಥ ಸರಳ ವಿಂಡೋ ಮ್ಯಾನೇಜರ್‌ನಲ್ಲಿ ಅಂಟಿಸುವವನು ಇರುವುದಿಲ್ಲ. ಬೇಕೆಂದರೆ ಪಿಕಾಮ್ ಎಂಬುದನ್ನು ಬೇರೆಯಾಗಿ ಸೇರಿಸಬೇಕು.

ಸ್ವಲ್ಪ ಲೆಕ್ಕ ಮಾಡೋಣ. 1024 ಅಗಲ, 768 ಎತ್ತರದ ಕಿಟಕಿಗೆ, ಚುಕ್ಕೆಗೆ 4 ಬೈಟಿನಂತೆ, 3 ಎಂಬಿ ಜಾಗ ಬೇಕು. ಹತ್ತು ಕಿಟಕಿಗೆ 30 ಎಂಬಿ. ಇದು ಪರವಾಗಿಲ್ಲ. ಆದರೆ ಮಸುಕು ಮಾಡಲು ಪ್ರತಿ ಚುಕ್ಕೆಗೂ ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೀಬೇಕು. ಕಿಟಕಿ ಎಳೆದಾಡಿದರೆ ಸೆಕೆಂಡಿಗೆ ಸುಮಾರು 60 ಸಲ ಇದೇ ಲೆಕ್ಕ. ಹಳೇ ಯಂತ್ರ ಸುಸ್ತಾಗದೆ ಇರುತ್ತಾ?

"ಹಾಗಾದ್ರೆ ಕಂಪೋಸಿಟರನ್ನೇ ಕಿತ್ತು ಹಾಕೋಣ ಬಿಡು" ಅಂದ ನನ್ನ ಗೆಳೆಯ. ಅದನ್ನೂ ನಾನು ಒಪ್ಪಲ್ಲ. ಅದಿಲ್ಲದಾಗ ವಿಜ್ಞಾನದ ವಿಡಿಯೋ ನೋಡುವಾಗ ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಕಂಡದ್ದುಂಟು. ಪಿಕಾಮ್‌ನಲ್ಲಿ ವಿಸಿಂಕ್ ಒಂದನ್ನು ಉಳಿಸಿಕೊಂಡು, ನೆರಳು, ಮಸುಕು ತೆಗೆದರೆ ಸಾಕು.

ಚೆಂದವೇ ಬೇಡ ಅಂತ ನಾನು ಹೇಳ್ತಿಲ್ಲ. ದೊಡ್ಡ ಕನ್ನಡ ಅಕ್ಷರ, ಕಣ್ಣಿಗೆ ತಂಪಾದ ಬಣ್ಣ, ಇವೂ ಚೆಂದವೇ ಅಲ್ವಾ? ಇವಕ್ಕೆ ಯಂತ್ರದ ಬಲ ಬೇಕಿಲ್ಲ. ನೆರಳಿನ ಆಟ ನೋಡಿ ಕಲಿಯುವ ಆಸೆ ಇದ್ದವರಿಗೆ ಶನಿವಾರದ ಕೊನೇ ಪಿರಿಯಡ್ ಇರಲಿ. ಉಳಿದ ದಿನ ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಹಿಂದೆ ನಿಂತವರಿಗೂ ಒಂದು ಸರದಿ ಸಿಗಲಿ.

ಗುರುಗಳು ಇದನ್ನು ಯೋಚಿಸಬೇಕೆಂದು ವಿನಂತಿ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ!

— ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿ, 9ನೇ ತರಗತಿ