ಹರಾಜಾದ ಮನೆ, ಒಳಗಿರುವ ಸಂಸಾರ

ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಬ್ಯಾಂಕ್ ಹರಾಜು ಪ್ರಕಟಣೆಯಲ್ಲಿ ಮನೆ ಕೊಳ್ಳುವವರು ಮೊದಲು ಹುಡುಕುವುದು ಎರಡನ್ನೇ: ಮನೆ ಯಾವ ಬಡಾವಣೆಯಲ್ಲಿದೆ, ಮೀಸಲು ಬೆಲೆ ಎಷ್ಟು. ಅದರ ಕೆಳಗೆ, ಆಸ್ತಿಯನ್ನು ‘ಎಲ್ಲಿ ಹೇಗಿದೆಯೋ ಹಾಗೆ, ಏನಿದೆಯೋ ಹಾಗೆ’ ಮಾರಲಾಗುವುದು ಎಂದಿರುತ್ತದೆ. ಬ್ಯಾಂಕಿನ ಬಳಿ ಇರುವುದು ‘ಸಾಂಕೇತಿಕ ಸ್ವಾಧೀನ’ ಎಂಬ ಮಾತೂ ಅನೇಕ ಪ್ರಕಟಣೆಗಳಲ್ಲಿ ಇರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ವಿಷಯ ಸ್ಪಷ್ಟ. ಬ್ಯಾಂಕಿನವರು ಬಾಗಿಲಿಗೆ ಒಂದು ನೋಟಿಸ್ ಅಂಟಿಸಿ ಬಂದಿದ್ದಾರೆ, ಒಳಗೆ ಯಾರೋ ವಾಸವಾಗಿದ್ದಾರೆ, ಅವರನ್ನು ಎಬ್ಬಿಸುವುದು ಕೊಂಡವರ ಪಾಡು.

ಹರಾಜಿನಲ್ಲಿ ಮನೆ ಹಿಡಿದವರು ಕೂಗಿದ ಬೆಲೆಯ ಶೇ 25ರಷ್ಟನ್ನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಮಾರಾಟ ಖಾಯಂ ಆದ 15 ದಿನಗಳಲ್ಲಿ ಉಳಿದದ್ದನ್ನು ತುಂಬಬೇಕು. ಬ್ಯಾಂಕ್ ಒಪ್ಪಿದರೆ ಗಡುವು ಹೆಚ್ಚೆಂದರೆ ಮೂರು ತಿಂಗಳವರೆಗೆ ಬೆಳೆಯುತ್ತದೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಈ ಮುಟ್ಟುಗೋಲು ಸರಿಯೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಎತ್ತಿಹಿಡಿದಿದೆ. ಹೀಗಾಗಿ ಕೊಳ್ಳುವವರು ಪಿಎಫ್ ತೆಗೆದು, ಒಡವೆ ಅಡವಿಟ್ಟು, ಗೃಹಸಾಲ ಹೊಂದಿಸಿ ಓಡಾಡುತ್ತಾರೆ. ಮಾರಾಟ ಪ್ರಮಾಣಪತ್ರ ಕೈಗೆ ಬಂದು, ನೋಂದಣಿಯೂ ಮುಗಿದು, ಮನೆ ನೋಡಲು ಹೋದಾಗ ಬಾಗಿಲು ತೆರೆಯುವವರು ಬೇರೆಯವರು. ಅಂದಿನಿಂದ ಹೊಸ ಸಾಲದ ಕಂತೂ ಕಟ್ಟಬೇಕು, ತಾವಿರುವ ಮನೆಯ ಬಾಡಿಗೆಯನ್ನೂ ಕಟ್ಟಬೇಕು. ಹರಾಜಿನಲ್ಲಿ ಕೊಳ್ಳುವವರೆಲ್ಲ ರಿಯಲ್ ಎಸ್ಟೇಟ್ ಕುಳಗಳೆಂಬ ಮಾತು ಸುಳ್ಳು. ಮಾರುಕಟ್ಟೆ ದರ ಕೈಗೆ ಎಟುಕದ್ದರಿಂದಲೇ ಈ ದಾರಿಗೆ ಬಂದವರು ಅವರಲ್ಲಿ ಎಷ್ಟೋ ಮಂದಿ.

ಒಳಗಿರುವವರ ಕಥೆ ಇನ್ನೂ ಕಷ್ಟದ್ದು. ಬೆಂಗಳೂರಿನಲ್ಲಿ ಮನೆಯನ್ನು ‘ಲೀಸಿಗೆ ಹಾಕಿಕೊಳ್ಳುವ’ ಪದ್ಧತಿ ಬಲವಾಗಿದೆ. ಹಳ್ಳಿಯ ಹೊಲದ ಭೋಗ್ಯವೇ ನಗರದ ಮನೆಗೆ ಬಂದು ಸೇರಿದ ರೂಪ ಇದು. ಕೆಲವು ಲಕ್ಷ ರೂಪಾಯಿ ಇಡುಗಂಟಾಗಿ ಮಾಲೀಕರ ಕೈಗಿಟ್ಟು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣವನ್ನು ವಾಪಸು ಪಡೆಯುವುದು. ತಿಂಗಳ ಸಂಬಳದಲ್ಲಿ ಬಾಡಿಗೆ ಉಳಿಸಿ ಮಕ್ಕಳನ್ನು ಓದಿಸಬೇಕೆಂಬ ಸಂಸಾರಗಳು ಊರಿನ ಜಮೀನು ಮಾರಿಯೋ, ಸಂಘದಲ್ಲಿ ಸಾಲ ಎತ್ತಿಯೋ ಈ ದುಡ್ಡು ಹೊಂದಿಸುತ್ತವೆ. ಕರಾರು ಆಗುವುದು ಸ್ಟ್ಯಾಂಪ್ ಪೇಪರಿನಲ್ಲಿ, ನೋಟರಿ ಮುಂದೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವವರು ಅಪರೂಪ. ಆದರೆ ಒಂದೇ ಗಂಟಿನಲ್ಲಿ ದೊಡ್ಡ ಹಣ ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ಯಾರಿಗೆ? ಬ್ಯಾಂಕಿನ ಕಂತು ಕಟ್ಟಲಾಗದೆ ಒದ್ದಾಡುತ್ತಿರುವ ಮಾಲೀಕರಿಗೆ. ಲೀಸಿಗೆ ಬರುವ ಸಂಸಾರ ಹೀಗೆ, ತನಗೇ ಗೊತ್ತಿಲ್ಲದೆ, ಮುಳುಗುತ್ತಿರುವ ಸಾಲಗಾರನಿಗೆ ಯಾವ ಭದ್ರತೆಯೂ ಇಲ್ಲದ ಇನ್ನೊಂದು ಸಾಲ ಕೊಟ್ಟಿರುತ್ತದೆ. ಮನೆ ಹರಾಜಾದ ಮೇಲೆ ‘ನಮ್ಮ ದುಡ್ಡು ಕೊಡಿ, ಇವತ್ತೇ ಹೋಗುತ್ತೇವೆ’ ಎಂದು ಅವರು ಹೇಳಿದರೆ ಅದು ಹಟವಲ್ಲ. ಬೇರೆ ಮನೆಗೆ ಕೊಡಲು ಅವರಲ್ಲಿ ಅಡ್ವಾನ್ಸ್ ಇರುವುದಿಲ್ಲ.

ಕಾನೂನು ಇವರ ಪರವಾಗಿ ಹೆಚ್ಚೇನೂ ಹೇಳುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಂ ಪ್ರಕಾರ, ಅಡಮಾನದಲ್ಲಿರುವ ಮನೆಯನ್ನು ಮಾಲೀಕ ಬಾಡಿಗೆಗೆ ಕೊಡಬಹುದು. ಆದರೆ ಆ ಗುತ್ತಿಗೆ ಮೂರು ವರ್ಷ ಮೀರಬಾರದು, ನ್ಯಾಯವಾಗಿ ಸಿಗಬಹುದಾದ ಒಳ್ಳೆಯ ಬಾಡಿಗೆಯೇ ಇರಬೇಕು, ಬಾಡಿಗೆಯನ್ನು ಮುಂಗಡವಾಗಿ ಪಡೆದಿರಬಾರದು, ಗಂಟು ಹಣ ಕೊಟ್ಟು ಪಡೆದದ್ದಾಗಿರಬಾರದು. ಅಡಮಾನ ಪತ್ರದಲ್ಲೇ ಬೇರೆ ಷರತ್ತಿದ್ದರೆ ಈ ಅವಕಾಶವೂ ಇಲ್ಲ. ನಮ್ಮ ಲೀಸ್ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆಯೇ ಇಲ್ಲ, ಇರುವುದೆಲ್ಲ ಇಡುಗಂಟು. ಸಾಲವಾದ ಮೇಲೆ ಬಂದ ಲೀಸ್‌ದಾರರು ಈ ಕಲಂನಡಿ ನಿಲ್ಲುವುದು ಬಲು ಕಷ್ಟ. ಬ್ಯಾಂಕ್ ಸಾಲಗಾರನಿಗೆ 60 ದಿನಗಳ ಬೇಡಿಕೆ ನೋಟಿಸ್ ಕೊಟ್ಟ ನಂತರ ಬಂದವರಿಗಂತೂ, ಬ್ಯಾಂಕಿನ ಒಪ್ಪಿಗೆ ಇಲ್ಲದಿದ್ದರೆ, ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ನೆಲೆಯೇ ಇಲ್ಲ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಹಂತಹಂತವಾಗಿ ನಡೆದು ಬಂದಿದೆ. ಅಡಮಾನಕ್ಕಿಂತ ಮೊದಲೇ ಬಂದ ನ್ಯಾಯಬದ್ಧ ಬಾಡಿಗೆದಾರರನ್ನು ಸರ್ಫೇಸಿ ಹೆಸರಿನಲ್ಲಿ ಎಬ್ಬಿಸುವಂತಿಲ್ಲ ಎಂದು 2014ರಲ್ಲಿ ಹೇಳಿತು. ಬಾಡಿಗೆ ನಿಯಂತ್ರಣ ಕಾಯ್ದೆಗಳ ರಕ್ಷಣೆ ಇರುವವರನ್ನು ಆ ಕಾಯ್ದೆಯ ದಾರಿಯಲ್ಲೇ ತೆರವುಗೊಳಿಸಬೇಕು ಎಂದು 2016ರ ಜನವರಿಯಲ್ಲಿ ಹೇಳಿತು. 2019ರ ಸೆಪ್ಟೆಂಬರಿನ ಬಜರಂಗ್ ಶ್ಯಾಮಸುಂದರ್ ಅಗರ್‌ವಾಲ್ ಪ್ರಕರಣದ ತೀರ್ಪು ಬಾಗಿಲನ್ನು ಬಹಳ ಕಿರಿದುಗೊಳಿಸಿತು: ಬಾಯಿಮಾತಿನ ಅಥವಾ ನೋಂದಣಿಯಾಗದ ಕರಾರು ನಂಬಿದವರು ಒಂದು ವರ್ಷಕ್ಕಿಂತ ಹೆಚ್ಚಿನ ಹಕ್ಕು ಕೇಳುವಂತಿಲ್ಲ. ನಮ್ಮ ಬಾಡಿಗೆ ಕಾಯ್ದೆಯ ರಕ್ಷಣೆಯಾದರೂ ಸಿಗುತ್ತದೆಯೇ ಎಂದು ಹುಡುಕಿದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಹಾನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತಿನ ಬೆಂಗಳೂರಿನಲ್ಲಿ ಆ ದರಕ್ಕೆ ಒಂಟಿ ಕೋಣೆ ಸಿಗುವುದೂ ಕಷ್ಟ.

ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ತಮ್ಮ ಹಕ್ಕನ್ನು ಪರಿಶೀಲಿಸುವಂತೆ ಕೇಳಲು ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿ ಅವಕಾಶ ಕೊಟ್ಟಿದೆ, 45 ದಿನಗಳೊಳಗೆ. ಒಳ್ಳೆಯದೇ. ಆದರೆ ಕರ್ನಾಟಕದ ನ್ಯಾಯಮಂಡಳಿಗಳಿರುವುದು ಬೆಂಗಳೂರಿನಲ್ಲಿ ಮಾತ್ರ, ಮೇಲ್ಮನವಿ ಮಂಡಳಿ ಚೆನ್ನೈನಲ್ಲಿ. ಕಲಬುರಗಿಯ ಬಾಡಿಗೆದಾರರಿಗೆ ಈ ಹಕ್ಕು ಎಷ್ಟು ದೂರದ್ದು ಎಂದು ಬೇರೆ ಹೇಳಬೇಕಿಲ್ಲ.

ಕೊಂಡವರ ಸಂಕಟಕ್ಕೂ ಒಳಗಿರುವವರ ಸಂಕಟಕ್ಕೂ ಕಾರಣ ಒಂದೇ ಎಂಬುದು ನನ್ನ ವಾದ. ಇಬ್ಬರೂ ಎದುರಾಳಿಗಳಲ್ಲ. ಮನೆಯಲ್ಲಿ ಯಾರಿದ್ದಾರೆಂದು ಕೇಳದೆ, ಅವರ ಲೆಕ್ಕ ಮುಗಿಸದೆ ಮಾರುವ ಬ್ಯಾಂಕು ತಾನು ಮಾಡಬೇಕಾದ ಕೆಲಸವನ್ನು ಇವರಿಬ್ಬರ ತಲೆಗೆ ಕಟ್ಟಿ ಹೊರಟುಹೋಗುತ್ತದೆ.

ಸರ್ಫೇಸಿ ಕಾಯ್ದೆಯ ರಚನೆಯೇ ಇದಕ್ಕೆ ಎಡೆ ಕೊಟ್ಟಿದೆ. ಮನೆಯನ್ನು ನಿಜವಾಗಿ ವಶಕ್ಕೆ ಪಡೆಯಲು ಬ್ಯಾಂಕ್ 14ನೇ ಕಲಂನಡಿ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿಯ ನೆರವು ಕೇಳಬಹುದು. ಅದಕ್ಕೆ ಒಂಬತ್ತು ಅಂಶಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಸಾಲ ಎಷ್ಟು, ಅಡಮಾನ ಯಾವುದು, ಕಂತು ತಪ್ಪಿದೆಯೇ, ಸಾಲ ವಸೂಲಾಗದ್ದೆಂದು (ಎನ್‌ಪಿಎ) ಗುರುತಾಗಿದೆಯೇ, ನೋಟಿಸ್ ಮುಟ್ಟಿದೆಯೇ, ಸಾಲಗಾರನ ಆಕ್ಷೇಪಕ್ಕೆ ಉತ್ತರ ಹೋಗಿದೆಯೇ ಎಂಬುದೆಲ್ಲ ಅದರಲ್ಲಿದೆ. ಮನೆಯಲ್ಲಿ ಈಗ ಯಾರು ವಾಸವಾಗಿದ್ದಾರೆ, ಎಂದಿನಿಂದ, ಯಾವ ಕರಾರಿನ ಮೇಲೆ ಎಂಬ ಪ್ರಶ್ನೆ ಆ ಒಂಬತ್ತರಲ್ಲಿ ಇಲ್ಲ. ಹರಾಜು ಪ್ರಕಟಣೆಯಲ್ಲಿ ‘ಬ್ಯಾಂಕಿಗೆ ತಿಳಿದಿರುವ’ ಋಣಭಾರಗಳನ್ನು ಹೇಳಬೇಕೆಂದು ನಿಯಮವಿದೆ. ವಿಚಾರಿಸಲೇಬೇಕೆಂಬ ನಿಯಮವಿಲ್ಲ. ವಿಚಾರಿಸದಿದ್ದರೆ ತಿಳಿಯುವುದೂ ಇಲ್ಲ, ತಿಳಿಯದಿದ್ದರೆ ಹೇಳಬೇಕಾಗಿಯೂ ಇಲ್ಲ.

14ನೇ ಕಲಂನ ಅರ್ಜಿಗೆ 30 ದಿನಗಳಲ್ಲಿ, ಕಾರಣ ಬರೆದರೆ 60 ದಿನಗಳಲ್ಲಿ ಆದೇಶವಾಗಬೇಕು. ಈ ಗಡುವು ಮಾರ್ಗದರ್ಶಿಯೇ ಹೊರತು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿಗಳು ಕಾಯುತ್ತವೆ. ಕಾಯುವುದಕ್ಕಿಂತ ಮೊದಲು ಮಾರಿ ಹಣ ಎತ್ತಿಕೊಳ್ಳುವುದು ಬ್ಯಾಂಕಿಗೆ ಸಲೀಸು. ಮಾರಿದ ಮೇಲೂ ವಶ ಸಿಗದಿದ್ದರೆ ಬ್ಯಾಂಕೇ 14ನೇ ಕಲಂನಡಿ ಅರ್ಜಿ ಹಾಕಬಹುದು ಎಂಬುದನ್ನು 2018ರ ಬ್ಲೂ ಕೋಸ್ಟ್ ಹೋಟೆಲ್ಸ್ ತೀರ್ಪು ಒಪ್ಪಿದೆ. ಅಂದರೆ ಆಯುಧ ಬ್ಯಾಂಕಿನ ಕೈಯಲ್ಲಿದೆ. ಕೊಂಡವರು ಸಾಲ ಕೊಟ್ಟವರಲ್ಲವಾದ್ದರಿಂದ ಆ ಅರ್ಜಿಯನ್ನು ಅವರು ಹಾಕುವಂತಿಲ್ಲ. ಹಣ ಪೂರ್ತಿ ಸಂದ ಬ್ಯಾಂಕಿಗೆ ಆಯುಧ ಎತ್ತುವ ಅವಸರವಿಲ್ಲ, ಅವಸರವಿರುವವರ ಕೈಯಲ್ಲಿ ಆಯುಧವಿಲ್ಲ.

ಹಳೆಯ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಒಂದು ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿತ್ತು. ಕೋರ್ಟ್ ಹರಾಜಿನಲ್ಲಿ ಕೊಂಡ ಮನೆಯಲ್ಲಿ ಸಾಲಗಾರನೇ ಇದ್ದರೆ, ಅಗತ್ಯಬಿದ್ದರೆ ಹೊರಹಾಕಿಯಾದರೂ, ವಶ ಕೊಡಿಸಬೇಕೆಂದು 21ನೇ ಆದೇಶದ 95ನೇ ನಿಯಮ ಹೇಳುತ್ತದೆ. ಅಲ್ಲಿರಲು ಹಕ್ಕುಳ್ಳ ಬಾಡಿಗೆದಾರನಿದ್ದರೆ 96ನೇ ನಿಯಮದ ಪ್ರಕಾರ ಮಾರಾಟ ಪ್ರಮಾಣಪತ್ರದ ಪ್ರತಿಯನ್ನು ಅಲ್ಲಿ ಅಂಟಿಸಿ, ಡಂಗುರ ಹೊಡೆಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ, ಮಾಲೀಕತ್ವ ಬದಲಾಗಿದೆ ಎಂದು ಸಾರಬೇಕು. ಬಾಡಿಗೆದಾರ ಅಲ್ಲೇ ಇರುತ್ತಾನೆ, ಬಾಡಿಗೆ ಹೊಸಬರಿಗೆ ಹೋಗುತ್ತದೆ. ಕೊಳ್ಳುವವರಿಗೆ ತಾವು ಖಾಲಿ ಮನೆ ಕೊಳ್ಳುತ್ತಿದ್ದೇವೋ ಬಾಡಿಗೆದಾರರಿರುವ ಮನೆಯೋ ಎಂಬ ಭೇದವಾದರೂ ಆ ಕಾನೂನಿನಲ್ಲಿತ್ತು.

ಬ್ಯಾಂಕ್ ಕೈಬಿಟ್ಟಾಗ ಕೆಲವರು ಹಿಡಿಯುವ ದಾರಿ ನಮ್ಮ ನಗರಗಳಿಗೆ ಹೊಸದಲ್ಲ. ಕರೆಂಟ್ ಕಡಿಯುವುದು, ಸಂಪಿನ ಮೋಟಾರಿಗೆ ಬೀಗ ಹಾಕುವುದು, ಮನೆಯವರು ಹೊರಗೆ ಹೋದಾಗ ಬಾಗಿಲ ಬೀಗ ಬದಲಿಸುವುದು, ನಾಲ್ಕು ಜನರನ್ನು ಗೇಟಿನ ಮುಂದೆ ನಿಲ್ಲಿಸುವುದು. ಮಾರಾಟ ಪ್ರಮಾಣಪತ್ರ ಮಾಲೀಕತ್ವ ಕೊಡುತ್ತದೆ, ಬಲ ಪ್ರಯೋಗಿಸುವ ಪರವಾನಗಿ ಕೊಡುವುದಿಲ್ಲ. ನೆಲೆನಿಂತ ಸ್ವಾಧೀನದಲ್ಲಿರುವವರಿಗೆ ಹಕ್ಕಿಲ್ಲವೆಂದೇ ಇಟ್ಟುಕೊಂಡರೂ ಕಾನೂನಿನ ದಾರಿ ಬಿಟ್ಟು ಅವರನ್ನು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗೆ ಹೊರಬಿದ್ದವರು ವಿಶಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ ಆರು ತಿಂಗಳೊಳಗೆ ದಾವೆ ಹೂಡಿ ವಶ ವಾಪಸು ಪಡೆಯಬಹುದು, ಆಗ ಮಾಲೀಕತ್ವದ ಪ್ರಶ್ನೆಯನ್ನೇ ಕೋರ್ಟ್ ಕೇಳುವುದಿಲ್ಲ. ಬೀಗ ಒಡೆದು ಗೆದ್ದೆನೆಂದುಕೊಂಡವರು ಮತ್ತೆ ಬೀಗದಕೈ ಒಪ್ಪಿಸಬೇಕಾಗಿ ಬರಬಹುದು, ಜೊತೆಗೆ ಪೊಲೀಸ್ ಠಾಣೆಯ ಅಲೆದಾಟವೂ ಗಂಟುಬೀಳಬಹುದು.

ನ್ಯಾಯವಾದ ದಾರಿ ನಿಧಾನವಾದರೂ ಇದೆ. ಮೊದಲು ಒಳಗಿರುವವರ ಕರಾರನ್ನು ಕೇಳಿ ನೋಡಬೇಕು: ತಾರೀಖು ಅಡಮಾನಕ್ಕಿಂತ ಹಿಂದಿನದೋ ಮುಂದಿನದೋ, ನೋಂದಣಿಯಾಗಿದೆಯೋ ಇಲ್ಲವೋ. ಸರಿಯಾದ ಬಾಡಿಗೆದಾರರಾಗಿದ್ದರೆ ಬಾಡಿಗೆ ಇನ್ನು ತಮಗೆ ಸೇರಬೇಕೆಂದು ಪತ್ರ ಕೊಟ್ಟು, ಅವಧಿ ಮುಗಿಯಲು ಬಿಡುವುದೇ ಅಗ್ಗ. ಅಲ್ಲದಿದ್ದರೆ ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಗಡುವು ಕೊಟ್ಟು, ಸಾಮಾನು ಸಾಗಿಸುವ ಖರ್ಚು ಕೊಟ್ಟು, ಬಿಡುವ ದಿನಾಂಕವನ್ನು ಬರಹದಲ್ಲಿ ಪಡೆಯಬಹುದು. ಇದನ್ನು ದಾನವೆಂದು ನೋಡಬೇಕಿಲ್ಲ. ಎರಡು ವರ್ಷ ಕೋರ್ಟಿನಲ್ಲಿ ನಿಂತು ಕಂತು ಮತ್ತು ಬಾಡಿಗೆ ಎರಡನ್ನೂ ಕಟ್ಟುವುದಕ್ಕಿಂತ ಇದರಲ್ಲಿ ಹೋಗುವ ಹಣ ಕಡಿಮೆ. ಅದೂ ಆಗದಿದ್ದರೆ ಬ್ಯಾಂಕಿಗೆ ಲಿಖಿತವಾಗಿ 14ನೇ ಕಲಂನ ಅರ್ಜಿಗೆ ಒತ್ತಾಯಿಸುವುದು ಅಥವಾ ತೆರವಿನ ದಾವೆ ಹೂಡುವುದು. ಇಷ್ಟೆಲ್ಲವನ್ನೂ ಒಬ್ಬ ಸಾಮಾನ್ಯ ಗ್ರಾಹಕ ಮಾಡಬೇಕಾಗಿ ಬರುವುದೇ ತಪ್ಪು.

ನಮ್ಮ ಲೀಸ್ ಪದ್ಧತಿಗೆ ಬಹಳ ಹತ್ತಿರದ್ದು ದಕ್ಷಿಣ ಕೊರಿಯಾದಲ್ಲಿದೆ, ಅಲ್ಲಿ ಅದಕ್ಕೆ ಜಿಯೊನ್ಸೆ ಎನ್ನುತ್ತಾರೆ. ದೊಡ್ಡ ಠೇವಣಿ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ವ್ಯವಸ್ಥೆ. ಅಲ್ಲಿನ ಮನೆ ಗುತ್ತಿಗೆ ರಕ್ಷಣಾ ಕಾಯ್ದೆ 1981ರದು. ಮನೆಗೆ ಬಂದು ವಾಸ ನೋಂದಣಿ ಮಾಡಿಸಿ, ಸ್ಥಳೀಯ ಕಚೇರಿಯಲ್ಲಿ ಕರಾರಿಗೆ ದಿನಾಂಕದ ಮುದ್ರೆ ಹಾಕಿಸಿಕೊಂಡವರಿಗೆ ಮನೆ ಹರಾಜಾದರೆ ಆ ಹಣದಲ್ಲಿ ದಿನಾಂಕದ ಸರದಿಯಂತೆ ಠೇವಣಿ ವಾಪಸಾಗುತ್ತದೆ. ಸಣ್ಣ ಠೇವಣಿದಾರರಿಗೆ ಒಂದು ಮಿತಿಯವರೆಗೆ ಬ್ಯಾಂಕಿಗಿಂತಲೂ ಮೊದಲ ಪಾಲು. ಅಲ್ಲೂ ಎಲ್ಲವೂ ಸರಿಯಿಲ್ಲ. 2022–23ರಲ್ಲಿ ಸಾವಿರಾರು ಸಂಸಾರಗಳು ಮೋಸಹೋದವು, ಕೆಲವರು ಜೀವವನ್ನೇ ಕಳೆದುಕೊಂಡರು. ಆಗ 2023ರ ಮೇನಲ್ಲಿ ಅಲ್ಲಿನ ಸಂಸತ್ತು ವಿಶೇಷ ಕಾನೂನು ತಂದು, ಹರಾಜಿನಲ್ಲಿ ಆ ಮನೆಯನ್ನು ಮೊದಲು ಕೊಳ್ಳುವ ಅವಕಾಶವನ್ನು ವಂಚಿತ ಬಾಡಿಗೆದಾರರಿಗೇ ಕೊಟ್ಟಿತು. ಅಮೆರಿಕ ಕೂಡ ಗೃಹಸಾಲ ಕುಸಿತದ ನಂತರ 2009ರಲ್ಲಿ, ಸಾಲಕ್ಕೆ ಜಪ್ತಿಯಾದ ಮನೆಯ ನೈಜ ಬಾಡಿಗೆದಾರರಿಗೆ ಕನಿಷ್ಠ 90 ದಿನಗಳ ನೋಟಿಸ್ ಕಡ್ಡಾಯ ಮಾಡಿತು. 2014ರ ಕೊನೆಗೆ ಬಿದ್ದುಹೋದ ಆ ಕಾನೂನನ್ನು 2018ರಲ್ಲಿ ಕಾಯಂ ಮಾಡಿತು.

ನಮ್ಮಲ್ಲಿ ಆಗಬೇಕಾದದ್ದು ಅಸಾಧ್ಯದ್ದೇನಲ್ಲ. ವಾಸದ ಮನೆಯನ್ನು ಸಾಂಕೇತಿಕ ಸ್ವಾಧೀನದ ಮೇಲೆ ಹರಾಜಿಗಿಡುವುದನ್ನು ನಿಲ್ಲಿಸಬೇಕು. ಬೇಡಿಕೆ ನೋಟಿಸ್ ಹೊರಡುವ ದಿನವೇ ಬ್ಯಾಂಕಿನ ಅಧಿಕಾರಿ ಆ ಮನೆಗೆ ಹೋಗಿ ಅಲ್ಲಿರುವವರ ವಿವರ ಬರೆದುಕೊಂಡು, ಅವರಿಗೂ ಕನ್ನಡದಲ್ಲಿ ಒಂದು ಪ್ರತಿ ಕೊಡಬೇಕು. 14ನೇ ಕಲಂನ ಪ್ರಮಾಣಪತ್ರಕ್ಕೆ ಹತ್ತನೆಯ ಅಂಶವಾಗಿ ಆ ವಿವರ ಸೇರಬೇಕು. ಖಾಲಿ ಮನೆಗೆ ಹರಾಜಿನಲ್ಲಿ ಬೆಲೆಯೂ ಹೆಚ್ಚು ಬರುತ್ತದೆ. ಅದರಿಂದ ಬ್ಯಾಂಕಿಗೂ ಲಾಭ, ಸಾಲ ತೀರಿ ಒಂದಿಷ್ಟು ಉಳಿದರೆ ಸಾಲಗಾರನಿಗೂ ಲಾಭ. ಹಾಗೆ ಉಳಿದ ಹಣವನ್ನು ಹಕ್ಕಿಗೆ ತಕ್ಕಂತೆ ಬಾಧ್ಯರಿಗೆ ಕೊಡಬೇಕೆಂದು ಸರ್ಫೇಸಿ ಕಾಯ್ದೆಯ 13(7)ನೇ ಕಲಂ ಈಗಲೇ ಹೇಳುತ್ತದೆ. ಲೀಸ್‌ದಾರರು ತಮ್ಮ ಇಡುಗಂಟಿಗಾಗಿ ಅಲ್ಲಿ ಕೈಚಾಚಬಹುದೆಂದು ಅವರಿಗೆ ಯಾರೂ ತಿಳಿಸುವುದಿಲ್ಲ.

ಕೇಂದ್ರದ ಕಾಯ್ದೆ ತಿದ್ದುಪಡಿಗೆ ಕಾಯದೆ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸವೂ ಒಂದಿದೆ. ಗುತ್ತಿಗೆ ಪತ್ರದ ಮುದ್ರಾಂಕ ಶುಲ್ಕ ರಾಜ್ಯದ ಕೈಯಲ್ಲಿದೆ. ವಾಸದ ಮನೆಯ ಲೀಸ್ ಕರಾರಿಗೆ ಅದನ್ನು ಹೆಸರಿಗಷ್ಟೇ ಎಂಬಷ್ಟು ಇಳಿಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ನೋಂದಾಯಿಸುವ ಅವಕಾಶ ಕೊಡಬೇಕು. ಹಕ್ಕುಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಎಲ್ಲ ಬಾರಿಯೂ ಋಣಭಾರ ಪತ್ರದಲ್ಲಿ (ಇಸಿ) ಕಾಣುವುದಿಲ್ಲ. ಅಂಥ ಅಡಮಾನಗಳೂ ದಾಖಲಾಗುವ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯನ್ನು ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಆದರೆ ಲೀಸಿಗೆ ಮನೆ ಹುಡುಕುವವರಲ್ಲಿ ಅದರ ಹೆಸರು ಕೇಳಿದವರು ವಿರಳ. ಆ ಮಾಹಿತಿಯನ್ನು ಕಾವೇರಿಗೆ ಜೋಡಿಸಿದರೆ, ಕರಾರಿಗೆ ಸಹಿ ಹಾಕುವ ಮುನ್ನವೇ ಆ ಮನೆಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದು ಬಾಡಿಗೆದಾರರ ಮೊಬೈಲಿನಲ್ಲಿ ಕಾಣುತ್ತದೆ. ಅದೇ ಮನೆ ಮುಂದೆ ಹರಾಜಿಗೆ ಬಂದರೆ ಒಳಗೆ ಯಾರಿದ್ದಾರೆ, ಎಷ್ಟು ಹಣ ಇಟ್ಟಿದ್ದಾರೆ ಎಂಬುದು ಬ್ಯಾಂಕಿಗೂ ಕೊಳ್ಳುವವರಿಗೂ ಮೊದಲೇ ತಿಳಿದಿರುತ್ತದೆ.