ಅಂಕಿ ಅಕ್ಷರವಾಗುವಾಗ

ಗಣಕಯಂತ್ರದ ಒಡಲಲ್ಲಿರುವ ಸಂಖ್ಯೆಗೆ ಲಿಪಿಯಿಲ್ಲ, ಭಾಷೆಯಿಲ್ಲ, ಅಲ್ಪವಿರಾಮವೂ ಇಲ್ಲ. ಪರದೆಯ ಮೇಲೆ ನಮಗೆ ಕಾಣುವ 125 ಎಂಬುದು ಆ ಸಂಖ್ಯೆಯಿಂದ ತಯಾರಿಸಿದ ಮೂರು ಚಿಹ್ನೆಗಳ ಪಠ್ಯ. ಈ ಮಾರ್ಪಾಟನ್ನು ತಂತ್ರಾಂಶ ರೂಪಿಸುವವರು ಬಹುತೇಕ ಸಿದ್ಧ ಸೂತ್ರವೊಂದಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಜನಸಾಮಾನ್ಯರು ಓದುವುದು ಮಾತ್ರ ಅದರ ಫಲವನ್ನೇ.

ಒಂದು ಕೋಟಿ ಇಪ್ಪತ್ತೈದು ಲಕ್ಷವನ್ನು ನಾವು 1,25,00,000 ಎಂದು ಬರೆಯುತ್ತೇವೆ. ಪಾಶ್ಚಾತ್ಯ ಸೂತ್ರ ಅದನ್ನು 12,500,000 ಮಾಡುತ್ತದೆ. ಮೌಲ್ಯವೇನೋ ಒಂದೇ, ಆದರೆ ಓದುವವನು ಬೆರಳಿಟ್ಟು ಸೊನ್ನೆ ಎಣಿಸಬೇಕು. ಇದಕ್ಕೆ ತಾಂತ್ರಿಕ ನೆಪವಿಲ್ಲ. ಓದುಗ ಭಾರತದವನೆಂದು ಜಾವಾಸ್ಕ್ರಿಪ್ಟಿಗೆ ತಿಳಿಸಿದರೆ ಅದು ಲಕ್ಷ-ಕೋಟಿಗಳ ಕ್ರಮದಲ್ಲೇ ವಿರಾಮ ಹಾಕಿಕೊಡುತ್ತದೆ. ಕನ್ನಡ ಅಂಕಿಗಳಂತೂ ಇನ್ನೂ ಸುಲಭ: ಯೂನಿಕೋಡಿನಲ್ಲಿ ೦ಯಿಂದ ೯ರವರೆಗೆ ಅವು ಅನುಕ್ರಮವಾಗಿ ಕುಳಿತಿರುವುದರಿಂದ, ಸಂಕೇತಕ್ಕೆ ನಿಶ್ಚಿತ ಮೊತ್ತವೊಂದನ್ನು ಕೂಡಿದರೆ 7 ಹೋಗಿ ೭ ಬರುತ್ತದೆ.

ನಿಜವಾದ ತೊಡಕಿರುವುದು ಮೊತ್ತವನ್ನು ಪದಗಳಲ್ಲಿ ಬರೆಯುವಲ್ಲಿ. ಇಂಗ್ಲಿಷಿನ ಟ್ವೆಂಟಿಯ ಪಕ್ಕ ಒನ್ ಅಥವಾ ಥ್ರೀ ಇಟ್ಟರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಇಪ್ಪತ್ತಕ್ಕೆ ಒಂದು ಸೇರಿದರೆ ಉಕಾರ ಲೋಪವಾಗಿ ಇಪ್ಪತ್ತೊಂದು. ಮೂರು ಸೇರಿದರೆ ಇಪ್ಪತ್ತಮೂರು. ಎರಡು ನೂರುಗಳು ಇನ್ನೂರಾಗುತ್ತವೆ, ಐದು ನೂರುಗಳು ಐನೂರು, ಒಂಬತ್ತು ನೂರುಗಳು ಒಂಬೈನೂರು. ಒಂಟಿಯಾಗಿದ್ದಾಗ ನೂರು, ಮುಂದೆ ಹತ್ತು ಬಂದೊಡನೆ ನೂರ ಹತ್ತು. ಸಾವಿರದ ಮುಂದೆ ಒಂದು ಬಂದರೆ ಸಾವಿರದ ಒಂದು. ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ತಂತ್ರಾಂಶ ಮಾತ್ರ 'ಒಂದು ಸಾವಿರ ಎರಡು ನೂರು ಇಪ್ಪತ್ತು ಮೂರು' ಎಂದು ತೊದಲುತ್ತದೆ. ಮಗು ತೊದಲಿದರೆ ಚೆಂದ, ರಸೀದಿ ತೊದಲಿದರೆ ಅಲ್ಲ. ಪದಗಳ ರೂಪ ಕೇವಲ ಅಲಂಕಾರವೂ ಅಲ್ಲ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಚೆಕ್ಕಿನಲ್ಲಿ ಅಂಕಿಗೂ ಪದಕ್ಕೂ ವ್ಯತ್ಯಾಸ ಬಂದಾಗ ಊರ್ಜಿತವಾಗುವುದು ಪದಗಳಲ್ಲಿರುವ ಮೊತ್ತ.

ಇನ್ನು ಕೆಲವು ಅಂಕಿಸಾಲುಗಳು ಸಂಖ್ಯೆಗಳೇ ಅಲ್ಲ. ಆಧಾರ್‌ನ 12 ಅಂಕಿಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಅದೊಂದು ಹೆಸರು. ಎಕ್ಸೆಲ್‌ಗೆ ಇದು ತಿಳಿಯದು. ಸಾಮಾನ್ಯ ಕೋಶದಲ್ಲಿ ಅಷ್ಟು ಅಂಕಿ ತುಂಬಿದರೆ ಅದು 1.23457E+11 ಎಂಬಂಥ ರೂಪ ತಾಳುತ್ತದೆ. ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಉಳಿದ ಅಂಕಿಗಳು ಕಳೆದೇ ಹೋಗುತ್ತವೆ. ಫಲಾನುಭವಿಗಳ ಪಟ್ಟಿಯಲ್ಲಿ ಹೀಗಾದರೆ ಅಳಿಸಿಹೋಗುವುದು ಒಬ್ಬ ಮನುಷ್ಯನ ಗುರುತು. ಟ್ವಿಟರ್ ಕೂಡ 2010ರಲ್ಲಿ ತನ್ನ ಸಂದೇಶಗಳ ಕ್ರಮಸಂಖ್ಯೆ ಜಾವಾಸ್ಕ್ರಿಪ್ಟಿನ ನಿಖರತೆಯ ಮಿತಿ ಮೀರುವುದೆಂದರಿತು, ಅದನ್ನು ಪಠ್ಯರೂಪದಲ್ಲೂ ಕಳುಹಿಸತೊಡಗಿತು.

ಸರ್ಕಾರವು ತಂತ್ರಾಂಶ ಖರೀದಿಸುವಾಗ ಕರಾರಿನಲ್ಲಿ ಎರಡು ಷರತ್ತುಗಳನ್ನು ಸೇರಿಸಬೇಕು. ಗುರುತಿನ ಅಂಕಿಗಳನ್ನು ಮೊದಲಿನಿಂದ ಕೊನೆಯವರೆಗೆ ಪಠ್ಯವಾಗಿಯೇ ಇರಿಸತಕ್ಕದ್ದು; ಕನ್ನಡದಲ್ಲಿ ಮೊತ್ತ ಮುದ್ರಿಸುವ ಮುನ್ನ 23, 110, 900, 1,001ರಂಥ ಮಾದರಿಗಳ ಪರೀಕ್ಷೆಯಲ್ಲಿ ಉತ್ತೀರ್ಣವಾಗತಕ್ಕದ್ದು. ಅಂಥ ಮಾದರಿಗಳ ಪಟ್ಟಿಯನ್ನು ಪ್ರಾಥಮಿಕ ಶಾಲೆಯ ಕನ್ನಡ ಅಧ್ಯಾಪಕರೊಬ್ಬರು ಒಂದು ಮಧ್ಯಾಹ್ನದಲ್ಲಿ ಸಿದ್ಧಪಡಿಸಿ ಕೊಡಬಲ್ಲರು.