ಯಾತ್ರೆಯ ಗಂಟು ಕಟ್ಟುವ ಮೊದಲು ನಾಡಿ ಹಿಡಿದು ನೋಡಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಹಿರಿಯರ ಬಾಯಲ್ಲಿ ಕಾಶಿ, ಕೇದಾರದ ಮಾತು ಬರುತ್ತದೆ. ಮಾಲೂರು, ಮುಳಬಾಗಿಲಿನಲ್ಲೂ ಅಷ್ಟೇ. ಎದೆಬಡಿತ ಏರುಪೇರಾಗಿ ಮಾತ್ರೆ ನುಂಗುತ್ತಿರುವವರೂ ಹೊರಡುತ್ತಾರೆ. ‘ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಇಳೀತೀನಿ, ಕೇದಾರ ಯಾವ ಲೆಕ್ಕ?’ ಎಂಬ ಧೈರ್ಯ ಬೇರೆ.

ಲೆಕ್ಕ ತಪ್ಪುವುದು ಇಲ್ಲಿಯೇ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಕೇದಾರನಾಥ 3,583 ಮೀಟರ್. ಅಲ್ಲಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ಕೊರತೆ ತುಂಬಲು ಹೃದಯ ಬೇಗ ಬೇಗ ಬಡಿಯುತ್ತದೆ, ಅಡ್ರಿನಲಿನ್ ಏರುತ್ತದೆ, ನಿದ್ದೆಯಲ್ಲಿ ಉಸಿರು ತಡೆತಡೆದು ಬರುತ್ತದೆ. ಆರೋಗ್ಯವಂತರಿಗೆ ಇದು ಸುಸ್ತು, ತಲೆನೋವಿನಲ್ಲಿ ಕಳೆಯಬಹುದು. ಏಟ್ರಿಯಲ್ ಫಿಬ್ರಿಲೇಷನ್‌ನಂಥ ಲಯದ ತೊಂದರೆ ಇರುವವರಲ್ಲಿ ಬಡಿತದ ತಾಳ ಮತ್ತೆ ತಪ್ಪಬಹುದು. ಕೇದಾರವೂ ಸೇರಿದ ಚಾರ್‌ಧಾಮ್ ಯಾತ್ರೆಯಲ್ಲಿ 2022ರಲ್ಲಿ 200ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹೃದಯದ ತೊಂದರೆಯೇ ಮುಖ್ಯ ಕಾರಣವಾಗಿತ್ತು.

ಹಾಗೆಂದು ಇಂಥವರೆಲ್ಲ ಮನೆಯಲ್ಲೇ ಕೂರಬೇಕಿಲ್ಲ. ಬಡಿತ ಹತೋಟಿಯಲ್ಲಿದ್ದು, ಊರಲ್ಲಿ ಏದುಸಿರಿಲ್ಲದೆ ನಡೆದಾಡುವವರು ವೈದ್ಯರ ಒಪ್ಪಿಗೆ ಪಡೆದು ಹೋಗಿಬರಬಹುದು. ಪೇಸ್‌ಮೇಕರ್ ಕೂಡ ಆ ಎತ್ತರದಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಕೆಲಸ ಮಾಡುತ್ತದೆ. ತಲೆಸುತ್ತಿ ಬಿದ್ದವರು, ಕೂತಲ್ಲೇ ಎದೆ ಢವಗುಟ್ಟುವವರು, ಕಾಲು ಊದಿಕೊಂಡವರು ಮಾತ್ರ ಈ ವರ್ಷ ಬಿಡುವುದೇ ಲೇಸು.

ಹೋಗುವವರಿಗೆ ಬೇಕಾದದ್ದು ದಿನಗಳು. 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎನ್ನುತ್ತದೆ ವೈದ್ಯಶಾಸ್ತ್ರ. ಕಾಲ್ನಡಿಗೆ ಶುರುವಾಗುವ ಗೌರಿಕುಂಡದಿಂದ ಕೇದಾರಕ್ಕೆ ಬಹುತೇಕರು ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಏರುತ್ತಾರೆ. ‘ಅಪ್ಪನಿಗೆ ಹಾರ್ಟ್ ಪ್ರಾಬ್ಲಂ, ಹೆಲಿಕಾಪ್ಟರ್‌ನಲ್ಲಿ ಕಳಿಸೋಣ’ ಎನ್ನುವ ಮಕ್ಕಳು ಕಾಲಿನ ಶ್ರಮ ಉಳಿಸುತ್ತಾರೆ, ನಿಜ. ಆದರೆ ಕೆಲವೇ ನಿಮಿಷಗಳಲ್ಲಿ ಮೇಲೇರಿದ ದೇಹಕ್ಕೆ ಹೊಂದಿಕೊಳ್ಳಲು ಪುರುಸೊತ್ತೆಲ್ಲಿ? ದರ್ಶನ ಮುಗಿಸಿ ಅಂದೇ ಇಳಿದರೆ ಅಪಾಯ ಕಡಿಮೆ. ಮೇಲೆ ರಾತ್ರಿ ತಂಗಿದರೆ ಹೆಚ್ಚು.

ಇನ್ನು ಮಾತ್ರೆಯ ಡಬ್ಬಿ. ಬಸ್ಸಿನಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರನ್ನೂ ಮೂತ್ರದ ಮಾತ್ರೆಯನ್ನೂ ಬಿಡುವವರಿದ್ದಾರೆ, ಎರಡೂ ತಪ್ಪು. ಎತ್ತರಕ್ಕೆಂದು ಪಕ್ಕದವರು ಕೊಡುವ ಡಯಾಮಾಕ್ಸ್ ಪೊಟ್ಯಾಸಿಯಂ ಇಳಿಸಿ ಬಡಿತಕ್ಕೆ ತೊಂದರೆ ತರಬಹುದು. ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್, ಕೆಮ್ಮು ಜ್ವರಕ್ಕೆ ನುಂಗುವ ಅಜಿಥ್ರೊಮೈಸಿನ್ ಕೆಲವರ ಬಡಿತವನ್ನೇ ಕೆಡಿಸಬಲ್ಲವು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೇ ಹೋಗಬೇಕು.

ಅಮರನಾಥಕ್ಕೆ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಸರ್ಕಾರದ ಮೂಲಕ ಹೋಗುವ ಕೈಲಾಸ ಮಾನಸ ಸರೋವರದ ಯಾತ್ರಿಕರಿಗೆ ದೆಹಲಿಯಲ್ಲೇ ತಪಾಸಣೆ ನಡೆಯುತ್ತದೆ. ಚಾರ್‌ಧಾಮ್‌ಗೆ ಅದು ಬಹುತೇಕ ಸಲಹೆಯಾಗಿಯೇ ಉಳಿದಿದೆ. ಚಾರ್‌ಧಾಮ್‌ಗೆ ಹೋಗಿಬಂದವರಿಗೆ ಕರ್ನಾಟಕದ ಮುಜರಾಯಿ ಇಲಾಖೆ 20,000 ರೂಪಾಯಿ ಸಹಾಯಧನ ಕೊಡುತ್ತದೆ. ಆ ಅರ್ಜಿಯ ಜೊತೆಗೆ, ಹೊರಡುವ ಒಂದು ತಿಂಗಳ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಿದ ಇಸಿಜಿಯನ್ನೂ ಕೇಳಿದರೆ ಹೆಚ್ಚಿನ ಹೊರೆಯೇನಿಲ್ಲ. ಮುನ್ನಾದಿನದ ಇಸಿಜಿ ಸಾಲದು. ಕೆಲವೇ ಸೆಕೆಂಡುಗಳ ಆ ಪಟ್ಟಿಯಲ್ಲಿ ಬಂದುಹೋಗುವ ಲಯದೋಷ ಸಿಗದೇ ಹೋಗಬಹುದು. ಅನುಮಾನವಿದ್ದರೆ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಕಟ್ಟಿಸಿಕೊಳ್ಳಲು ಕೋಲಾರಕ್ಕೋ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೋ ಹೋಗಲು ಸಮಯ ಬೇಕು.

‘ನಾನು ಹೋಗಬಹುದಾ ಡಾಕ್ಟ್ರೇ?’ ಎಂಬ ಪ್ರಶ್ನೆಯನ್ನು ಮುಳಬಾಗಿಲಿನಲ್ಲಿ ಕೇಳಿದರೆ ಉತ್ತರ ‘ಬೇಡ’ ಎಂದಾದರೂ ಮುಂದಿನ ವರ್ಷ ಇದ್ದೇ ಇರುತ್ತದೆ. ಗೌರಿಕುಂಡ ತಲುಪಿದ ಮೇಲೆ ಯಾರೂ ಅದನ್ನು ಕೇಳುವುದಿಲ್ಲ.